ಮಣೆಯ ಮೇಲೆ ನಿಂತ ತಮ್ಮ

ದಲೇಲ್ ಸಿಂಗ್ ರೈತನ ಮಗ ಎನ್ನುವುದು ಸುಳ್ಳಲ್ಲ. ರೈತ ಎನ್ನುವುದು ಮಾತ್ರ ಸುಳ್ಳು. ಹರಿಯಾಣದ ಆ ಸೀಮೆಯಲ್ಲಿ ಇದು ಗೊತ್ತಿಲ್ಲದವರು ಯಾರೂ ಇರಲಿಲ್ಲ. ಆದರೂ ಪ್ರತಿ ಚುನಾವಣೆಯಲ್ಲಿ ಅವನು ಪೇಟ ಸುತ್ತಿಕೊಂಡು ವೇದಿಕೆ ಹತ್ತಿ ‘ನಾನು ಮಣ್ಣಿನ ಮಗ’ ಎಂದಾಗ ಜನ ಚಪ್ಪಾಳೆ ಹೊಡೆಯುತ್ತಿದ್ದರು. ಚಪ್ಪಾಳೆಗೆ ಖರ್ಚೇನು ಬರುತ್ತದೆ. ಅವನ ಅಕ್ಕ ಭತೇರಿ ಮಾತ್ರ ಆ ಮಾತು ಟಿವಿಯಲ್ಲಿ ಬಂದಾಗಲೆಲ್ಲ ಎದ್ದು ಹೋಗಿ ಎಮ್ಮೆಗೆ ನೀರು ತೋರಿಸಿ ಬರುತ್ತಿದ್ದಳು.

ತವರೂರು ಕಾಕ್ಡೌಲಿಯಲ್ಲಿ ಅವರಪ್ಪ ನೇಕಿರಾಮನ ಹೊಲಕ್ಕೆ ಮೈ ಬಗ್ಗಿಸಿದವಳು ಅವಳು. ಹೆಂಗಸು ನೇಗಿಲು ಮುಟ್ಟಬಾರದು ಎಂಬ ಕಟ್ಟಳೆಯಿದ್ದುದರಿಂದ ಅದೊಂದನ್ನು ಅಪ್ಪ ಮಾಡುತ್ತಿದ್ದ. ಕಬ್ಬಿನ ಸೋಗೆ ಸುಲಿಯುವುದು, ಗೋಧಿ ಕೊಯ್ಯುವುದು, ಮೇವು ಕತ್ತರಿಸುವುದು, ಕಾಲುವೆಯ ಸರದಿ ಬಂದಾಗ ಗುದ್ದಲಿ ಹಿಡಿದು ಬದುವಿನ ಮೇಲೆ ನಿಲ್ಲುವುದು ಎಲ್ಲವೂ ಅವಳ ಪಾಲು. ಮೊದಲಿನೆರಡು ಹೆಣ್ಣು ಕೂಸುಗಳು ಉಳಿಯದೆ, ಮೂರನೆಯದೂ ಹೆಣ್ಣೇ ಆದಾಗ, ‘ಸಾಕು’ ಎಂಬ ಅರ್ಥಕ್ಕೆ ಭತೇರಿ ಎಂದು ಹೆಸರಿಟ್ಟರು. ದೇವರು ಆ ಮಾತು ಕೇಳಿಸಿಕೊಂಡು ನಾಲ್ಕನೆಯದಾಗಿ ದಲೇಲನನ್ನು ಕೊಟ್ಟ. ದೇವರಿಗೂ ಆಗಾಗ ತಮಾಷೆ ಬೇಕಾಗುತ್ತದೆ. ತಾಯಿ ಆ ಬಾಣಂತನದಲ್ಲೇ ಹೋದಳು. ಆಗಿನ್ನೂ ಲಂಗ ಎಳೆದು ಕಟ್ಟಿಕೊಳ್ಳಲು ಬಾರದ ಭತೇರಿ ತಮ್ಮನನ್ನು ಸೊಂಟಕ್ಕೇರಿಸಿಕೊಂಡಳು.

ದಲೇಲ ಬೆಳೆದ. ಕೆಲಸಕ್ಕೆ ಕರೀಬೇಡ, ಊಟಕ್ಕೆ ಮರೀಬೇಡ ಎನ್ನುವ ಜಾತಿ. ಎಮ್ಮೆಯ ಕೆಳಗೆ ಕೂತರೆ ಎಮ್ಮೆಗೆ ಅಸಹ್ಯವಾಗಿ ಒದೆಯುತ್ತಿತ್ತು. ಕುಡುಗೋಲು ಕೊಟ್ಟರೆ ಗೋಧಿ ಬಿಟ್ಟು ತನ್ನ ಹೆಬ್ಬೆರಳು ಕೊಯ್ದುಕೊಳ್ಳುತ್ತಿದ್ದ. ನೀರಿನ ಸರದಿಯ ದಿನ ಅವನನ್ನು ಕಾಲುವೆಗೆ ಕಳಿಸಿದರೆ ನೀರು ಪಕ್ಕದವರ ಹೊಲಕ್ಕೆ ಹೋಗಿರುತ್ತಿತ್ತು, ಇವನು ಪಕ್ಕದವರ ಹಗ್ಗದ ಮಂಚದ ಮೇಲೆ ಅವರದೇ ಹುಕ್ಕಾ ಎಳೆಯುತ್ತ ದೇಶದ ರೈತರ ಕಷ್ಟ ಮಾತಾಡುತ್ತಿರುತ್ತಿದ್ದ. ಮಾತು ಮಾತ್ರ ಚೆನ್ನಾಗಿತ್ತು. ಅದನ್ನು ಅವನ ಶತ್ರುವೂ ಒಪ್ಪಿಕೊಳ್ಳಬೇಕು.

ಅವನ ರಾಜಕೀಯ ಶುರುವಾದದ್ದು ನಿದ್ದೆಯಿಂದ. ಕರೆಂಟಿನ ದರ ಏರಿಸಿದ್ದಕ್ಕೆ ರೈತರು ಹೆದ್ದಾರಿಯಲ್ಲಿ ಟ್ರ್ಯಾಕ್ಟರ್ ಅಡ್ಡ ಹಾಕಿ ಕೂತಿದ್ದರು. ಇವನು ಅಲ್ಲಿ ಪೂರಿ ಹಲ್ವಾ ಹಂಚುತ್ತಾರೆಂದು ಹೋಗಿ, ತಿಂದು, ಒಂದು ಟ್ರಾಲಿಯ ನೆರಳಿನಲ್ಲಿ ಮಲಗಿದ್ದ. ಲಾಠಿ ಬೀಸಿದಾಗ ಎಲ್ಲರೂ ಓಡಿದರು, ಎಚ್ಚರವಾಗದ ಇವನೊಬ್ಬ ಸಿಕ್ಕಿಬಿದ್ದ. ಪೊಲೀಸರು ಅವನನ್ನು ಎಳೆದೊಯ್ಯುವ ಫೋಟೋ ಮರುದಿನ ಪತ್ರಿಕೆಯಲ್ಲಿ ಬಂತು. ಕಣ್ಣು ಕೆಂಪಾಗಿತ್ತು, ಕೂದಲು ಕೆದರಿತ್ತು, ನೋಡಿದವರಿಗೆ ಕ್ರಾಂತಿಕಾರಿಯ ಹಾಗೇ ಕಾಣಬೇಕು. ಜೈಲಿನಿಂದ ಹೊರಬಂದಾಗ ಹಾರ ಹಾಕಲು ಮೂರು ಪಕ್ಷದವರು ನಿಂತಿದ್ದರು.

ಅದೇ ವರ್ಷ ಅಪ್ಪ ತೀರಿಕೊಂಡ. ಕಾನೂನಿನ ಪ್ರಕಾರ ಕಾಲುವೆ ದಂಡೆಯ ಹೊಲದಲ್ಲಿ ಅರ್ಧ ಭತೇರಿಯದು. ಆದರೆ ಅಲ್ಲಿ ಹೆಣ್ಣುಮಕ್ಕಳು ಹೊಲ ಕೇಳುವುದಿಲ್ಲ. ಕೇಳಿದವಳಿಗೆ ಹೊಲ ಸಿಗುತ್ತದೆ, ತವರು ಹೋಗುತ್ತದೆ. ಬಿಟ್ಟುಕೊಟ್ಟವಳಿಗೆ ತಮ್ಮ ಉಳಿಯುತ್ತಾನೆ. ಶ್ರಾವಣದಲ್ಲಿ ಸಿಹಿ ಕಳಿಸುತ್ತಾನೆ, ಕಷ್ಟಕ್ಕೆ ಬಾಗಿಲಲ್ಲಿ ನಿಲ್ಲುತ್ತಾನೆ, ಎಲ್ಲಕ್ಕಿಂತ ಮಿಗಿಲಾಗಿ ಅವಳ ಮಕ್ಕಳ ಮದುವೆಗೆ ಭಾತ್ ತರುತ್ತಾನೆ. ಭಾತ್ ಎಂದರೆ ಅನ್ನವಲ್ಲ. ತವರೂರಿನ ಹಿರಿಯರೊಂದಿಗೆ ತಮ್ಮನಾದವನು ಉಡುಗೊರೆ ಹೊತ್ತು ಬರಬೇಕು. ಅಕ್ಕನ ಹೊಸ್ತಿಲ ಮುಂದೆ ಮಣೆಯ ಮೇಲೆ ನಿಲ್ಲಬೇಕು. ಅವಳು ಆರತಿ ಎತ್ತಿ ತಿಲಕ ಇಡಬೇಕು, ಅವನು ಅವಳ ತಲೆಗೆ ಹಳದಿ ಓಢಣಿ ಹೊದಿಸಿ ತಬ್ಬಿಕೊಳ್ಳಬೇಕು, ಆಮೇಲೆ ಅವಳು ಕೈಹಿಡಿದು ಅವನನ್ನು ಮಣೆಯಿಂದ ಇಳಿಸಿಕೊಳ್ಳಬೇಕು. ಅಷ್ಟು ಹೊತ್ತು ಊರು ನೋಡುತ್ತಿರುತ್ತದೆ, ಇವಳಿಗೂ ಹಿಂದೆಮುಂದೆ ಯಾರೋ ಇದ್ದಾರೆ ಎಂದು.

ಭತೇರಿ ತಾಲೂಕು ಕಚೇರಿಗೆ ಹೋಗಿ ತನ್ನ ಪಾಲು ತಮ್ಮನ ಹೆಸರಿಗೆ ಬರೆದುಕೊಟ್ಟು ಹೆಬ್ಬೆಟ್ಟು ಒತ್ತಿದಳು. ಅಲ್ಲಿದ್ದ ಗುಮಾಸ್ತ ಕೂಡ ಅಕ್ಕನೆಂದರೆ ಹೀಗಿರಬೇಕು ಎಂದು ಹೊಗಳಿದ. ದಲೇಲ ಅಲ್ಲೇ ಕಣ್ಣೀರು ಸುರಿಸಿದ. ಕಣ್ಣೀರು ಅವನಿಗೆ ಮೊದಲಿನಿಂದಲೂ ಸಲೀಸು.

ಆಮೇಲಿನದು ಎಲ್ಲರಿಗೂ ಗೊತ್ತಿರುವ ಕಥೆ. ಶಾಸಕನಾದ. ಗಾಳಿ ಬಂದಾಗ ತೂರಿಕೋ ಎಂಬ ಗಾದೆಯನ್ನು ಕಣದಲ್ಲಿ ಒಂದು ದಿನವೂ ಪಾಲಿಸದಿದ್ದವನು ವಿಧಾನಸಭೆಯಲ್ಲಿ ತಪ್ಪದೆ ಪಾಲಿಸಿದ. ಬೆಳಗಿನ ಚಹಾ ಒಂದು ಪಕ್ಷದಲ್ಲಿ ಕುಡಿದು ಸಂಜೆಯ ಹುಕ್ಕಾ ಇನ್ನೊಂದು ಪಕ್ಷದಲ್ಲಿ ಎಳೆದ ದಿನವೂ ಉಂಟು. ಪ್ರತಿ ಸಲವೂ ಅದು ರೈತರ ಹಿತಕ್ಕಾಗಿಯೇ. ಕಡೆಗೆ ಮಂತ್ರಿಯೂ ಆದ. ಮೀನುಗಾರಿಕೆ ಕೊಟ್ಟರು. ಬಾಯಿಗೆ ಮೊಟ್ಟೆಯನ್ನೂ ಇಡದ ಜಾಟರ ಸೀಮೆಯಲ್ಲಿ ಇದಕ್ಕಿಂತ ದೊಡ್ಡ ಮನರಂಜನೆ ಇರಲಿಲ್ಲ. ಈ ಸಲ ಯಾವ ತಳಿಯ ಮೀನು ಬಿತ್ತಿದ್ದೀಯ ಚೌಧರಿ, ಕಳೆ ತೆಗೆಸಿದೆಯಾ ಎಂದು ಹಿರಿಯರು ಕೇಳಿದರೆ ಅವನು ನಕ್ಕು ಕಾರು ಹತ್ತುತ್ತಿದ್ದ. ಚುನಾವಣೆ ಬಂದಾಗ ಯಾರದೋ ಎತ್ತು, ಯಾರದೋ ನೇಗಿಲು ಕಡ ತಂದು ಫೋಟೋ ತೆಗೆಸಿಕೊಳ್ಳುತ್ತಿದ್ದ. ಒಂದು ಫೋಟೋದಲ್ಲಿ ನೇಗಿಲು ತಲೆಕೆಳಗಾಗಿತ್ತು.

ಎತ್ತು ಕಡ ತರಬೇಕಾಗಿತ್ತು, ಯಾಕೆಂದರೆ ಸ್ವಂತ ಹೊಲ ಉಳಿದಿರಲಿಲ್ಲ. ತನ್ನ ಪಾಲನ್ನೂ ಅಕ್ಕನ ಪಾಲನ್ನೂ ಸೇರಿಸಿ ಬಡಾವಣೆ ಕಟ್ಟುವವರಿಗೆ ಮಾರಿದ್ದ. ಈಗ ಅಲ್ಲಿ ಗೇಟು, ಕಾವಲುಗಾರ, ಸಾಲುಮನೆಗಳು. ಹೆಸರು ‘ಕಿಸಾನ್ ವಿಹಾರ್’. ಒಮ್ಮೆ ಭತೇರಿ ಬಸ್ಸಿನಲ್ಲಿ ಹೋಗುವಾಗ ಆ ಗೇಟು ನೋಡಿದಳು. ಪಕ್ಕದಲ್ಲಿ ಕೂತ ಗಂಡ ರಿಸಾಲ್ ಸಿಂಗನ ಕಡೆ ತಿರುಗದೆ ಸೆರಗು ಸರಿಮಾಡಿಕೊಂಡಳು. ಹೊಲ ಕೊಟ್ಟ ಮೇಲೆ ಅವನದು, ಅವನೇನಾದರೂ ಮಾಡಲಿ, ತಮ್ಮ ನನ್ನವನು ತಾನೇ ಎಂದು ಮನಸ್ಸಿಗೆ ಹೇಳಿಕೊಂಡಳು. ಮನಸ್ಸು ಒಪ್ಪಿತೋ ಇಲ್ಲವೋ, ಬಸ್ಸು ಮುಂದೆ ಹೋಯಿತು.

ಅವಳಿಗೆ ಇದ್ದವಳು ಒಬ್ಬಳೇ ಮಗಳು, ಸುದೇಶ್. ಹರಕೆಗಳ ಮೇಲೆ ಹರಕೆ ಹೊತ್ತು ತಡವಾಗಿ ಹುಟ್ಟಿದವಳು. ಹಾಗಾಗಿ ಭತೇರಿಯ ಬಾಳಿನಲ್ಲಿ ಭಾತ್ ಎಂಬುದು ಒಂದೇ ಒಂದು ಸಲ ಬರುವಂಥದು. ಗಂಡನ ಊರು ನಗ್ಲಾದಲ್ಲಿ ನೀರು ಸೇದುವ ಹೆಂಗಸರು ಆಗಲೇ ಬಾಣ ಬಿಡಲು ಶುರು ಮಾಡಿದ್ದರು. ಶ್ರಾವಣದ ಸಿಹಿಯೇ ಕಳಿಸದ ಮಂತ್ರಿ ಭಾತ್ ತಂದಾನೆಯೇ, ತಂದರೂ ಮೀನು ತಂದಾನು ಎಂದು ಒಬ್ಬಳು ಅಂದಳು. ಭತೇರಿ ಕೊಡ ಎತ್ತಿಕೊಂಡು ಬಂದಳು.

ಭಾತ್ ಕರೆಯಲು ಅಕ್ಕನೇ ಬೆಲ್ಲ ಹೊತ್ತು ತವರಿಗೆ ಹೋಗಬೇಕು. ತವರಿನ ಮನೆಗೆ ಬೀಗ ಬಿದ್ದು ಎಷ್ಟೋ ವರ್ಷವಾಗಿತ್ತು. ಆದ್ದರಿಂದ ಗಂಡಹೆಂಡಿರು ಕೆಂಪು ಬಟ್ಟೆಯಲ್ಲಿ ಬೆಲ್ಲದ ದೊಡ್ಡ ಉಂಡೆ ಕಟ್ಟಿಕೊಂಡು ಚಂಡೀಗಢದ ಬಂಗಲೆಗೆ ಹೋದರು. ಅರ್ಜಿ ಹಿಡಿದವರ ಸಾಲಿನಲ್ಲಿ ಕೂರಿಸಿದರು. ಸಹಾಯಕ ನರೂಲಾ ಎಂಬವನು ಸಾಲಿನುದ್ದಕ್ಕೂ ಬಂದು ಭತೇರಿಯ ಮುಂದೆ ನಿಂತು, ವಿಧವಾ ವೇತನವಾ ಎಂದು ಕೇಳಿದ. ಪಕ್ಕದಲ್ಲೇ ಕೂತಿದ್ದ ರಿಸಾಲ್ ಸಿಂಗ್ ಜೋರಾಗಿ ಕೆಮ್ಮಿ ತಾನಿನ್ನೂ ಇದ್ದೇನೆಂದು ತಿಳಿಸಬೇಕಾಯಿತು.

ದಲೇಲ ಹೊರಬಂದವನು ಅಕ್ಕನನ್ನು ನೋಡಿ ಸಂತೋಷಪಟ್ಟದ್ದು ನಿಜ, ಏಕೆಂದರೆ ಆಗ ಅಲ್ಲಿ ಪತ್ರಿಕೆಯವರಿದ್ದರು. ಬೆಲ್ಲವನ್ನು ಮನೆಯೊಳಗಿಟ್ಟು ಬಂಧುಬಳಗಕ್ಕೆ ಹಂಚುವುದು ಪದ್ಧತಿ. ಅವನು ಅಲ್ಲೇ ಒಡೆದು ಪತ್ರಿಕೆಯವರ ಬಾಯಿಗೆ ಹಾಕುತ್ತ, ಇದು ನಮ್ಮಕ್ಕ ಸ್ವಂತ ಗಾಣದಲ್ಲಿ ತೆಗೆದ ಬೆಲ್ಲ ಎಂದ. ಅಂಗಡಿಯಲ್ಲಿ ಕೊಂಡದ್ದು. ಭತೇರಿ ಮದುವೆಯ ದಿನ ಹೇಳಿದಾಗ ಅವನು ನರೂಲಾನ ಕಡೆ ನೋಡಿದ.

“ಅಕ್ಕ, ನಿಮ್ಮೂರು ನನ್ನ ಕ್ಷೇತ್ರಕ್ಕೆ ಬರತ್ತಾ?”

ನಗ್ಲಾ ಈ ಸಲ ಹೊಸದಾಗಿ ಸೇರಿದೆ ಎಂದು ನರೂಲಾ ಹೇಳಿದ.

“ಹಾಗಾದ್ರೆ ಬರದೆ ಇರ್ತೀನಾ,” ಎಂದ ದಲೇಲ. “ನೀನು ಆರತಿ ತಟ್ಟೆ ರೆಡಿ ಇಟ್ಕೋ.”

ವಾಪಸು ಬರುವಾಗ ಬಸ್ಸಿನಲ್ಲಿ ರಿಸಾಲ್ ಸಿಂಗ್ ಕಿಟಕಿಯಾಚೆ ನೋಡುತ್ತ, ಬೆಲ್ಲ ತಿಂದವರಲ್ಲಿ ಕಾಕ್ಡೌಲಿಯವರು ಒಬ್ಬರೂ ಇರಲಿಲ್ಲವಲ್ಲ ಎಂದ. ಬರುತ್ತೇನೆ ಅಂದಿದ್ದಾನಲ್ಲ, ಅಷ್ಟು ಸಾಕು ಎಂದಳು ಅವಳು. ಮಗಳ ಮದುವೆಯ ಹೊಸ್ತಿಲಲ್ಲಿ ನಿಂತವಳಿಗೆ ಅಷ್ಟಾದರೂ ನಂಬಿಕೆ ಬೇಡವೇ.

ಮದುವೆಯ ದಿನ ಮಧ್ಯಾಹ್ನದಿಂದಲೇ ಹೆಂಗಸರು ಹೊಸ್ತಿಲ ಮುಂದೆ ಸೇರಿ ಭಾತಿನ ಹಾಡು ಹೇಳುತ್ತಿದ್ದರು. ಮಣೆ ಹಾಕಿ ಆಗಿತ್ತು. ಬಾಗಿಲ ಪಕ್ಕದ ಮಂಚದ ಮೇಲೆ ಭತೇರಿಯ ಗಂಡನ ಅಣ್ಣ ಉದ್ಮೀರಾಮ್ ಹುಕ್ಕಾ ಇಟ್ಟುಕೊಂಡು ಕೂತಿದ್ದ. ಮನೆಗೆ ಹಿರಿಯ, ಎಂಬತ್ತು ದಾಟಿದ ಮುದುಕ. ಅವನೆದುರು ಮುಸುಕು ಎತ್ತುವಂತಿಲ್ಲ, ಮಾತಾಡುವಂತಿಲ್ಲ. ಮದುವೆಯಾಗಿ ಬಂದಂದಿನಿಂದ ಭಾವನಿಗೂ ತಮ್ಮನ ಹೆಂಡತಿಗೂ ನಡುವೆ ಒಂದು ನೇರ ಮಾತೂ ಆಗಿರಲಿಲ್ಲ. ಹಾಗಾಗಿ ಭತೇರಿ ಗಲ್ಲದವರೆಗೆ ಮುಸುಕೆಳೆದುಕೊಂಡು ನಿಂತಿದ್ದಳು, ಊರಿನ ಎಲ್ಲ ಸೊಸೆಯಂದಿರೂ ಹಾಗೆಯೇ ನಿಂತಿದ್ದರು.

ಹೊತ್ತು ಇಳಿಯತೊಡಗಿದಾಗ ಜೀಪುಗಳು ಬಂದವು. ಧೂಳು, ಹಾರ್ನು, ಜೈಕಾರ. ಇಳಿದವರಲ್ಲಿ ಕಾಕ್ಡೌಲಿಯ ಒಂದು ಮುಖವಾದರೂ ಇದೆಯೇ ಎಂದು ಭತೇರಿ ಮುಸುಕಿನೊಳಗಿಂದ ಹುಡುಕಿದಳು. ಎಲ್ಲ ಪಕ್ಷದ ಶಾಲು ಹೊದ್ದವರು. ಅವನ ಹೆಂಡತಿ ಬಂದಿರಲಿಲ್ಲ, ಅವಳಿಗೆ ಧೂಳು ಆಗುವುದಿಲ್ಲವಂತೆ. ಆದರೂ ಅವನು ಬಂದಿದ್ದನಲ್ಲ, ಕಪ್ಪು ಕನ್ನಡಕ ಹಾಕಿಕೊಂಡು, ಹೊಟ್ಟೆ ಮುಂದೆ ಮಾಡಿಕೊಂಡು. ಇವನೇ ನನ್ನ ಸೊಂಟದ ಮೇಲೆ ಕೂತು ಅಳುತ್ತಿದ್ದವನು ಎಂದುಕೊಂಡ ಕೂಡಲೇ ಅವಳ ಕೈಯಲ್ಲಿ ತಟ್ಟೆ ವಾಲಿ ದೀಪ ಅಲ್ಲಾಡಿತು.

ಪಕ್ಕದಲ್ಲಿ ನಿಂತಿದ್ದ ಅಂಗೂರಿಗೆ ಅಷ್ಟು ಸಾಕಾಯಿತು. ಅಂಗೂರಿ ಆ ಊರಿನ ಸೊಸೆ, ಅಲ್ಲಿನ ಸರಪಂಚ್, ಎಂದರೆ ಪಂಚಾಯಿತಿ ಅಧ್ಯಕ್ಷೆ, ಮೂವತ್ತರ ಆಜುಬಾಜು, ಜರಿಯ ಉಡುಪಿನಲ್ಲಿ ಮುಂದೆಯೇ ನಿಂತಿದ್ದಳು. ಮುಂದಿನ ಸಲಕ್ಕೆ ಜಿಲ್ಲಾ ಪರಿಷತ್ತಿನ ಟಿಕೆಟು ಬೇಕಿತ್ತು, ಅದಕ್ಕೆ ಮಂತ್ರಿಯೊಂದಿಗೆ ಒಂದು ಫೋಟೋ ಬೇಕಿತ್ತು. ದೀಪ ಆರಿಹೋದೀತು ಚಿಕ್ಕಮ್ಮ, ನೀವು ತಿಲಕ ಇಡುವವರೆಗೆ ನಾನು ಹಿಡಿದಿರುತ್ತೇನೆ ಎಂದು ತಟ್ಟೆ ಕಸಿದುಕೊಂಡಳು.

ದಲೇಲ ಮಣೆ ಹತ್ತಿದ. ಎದುರಿಗೆ ತಟ್ಟೆ ಹಿಡಿದ ಮುಸುಕಿನ ಹೆಂಗಸು. ನರೂಲಾ ಹಳದಿ ಓಢಣಿ ಕೈಗಿಟ್ಟ. ಚಾನೆಲ್‌ನವನು ಕ್ಯಾಮೆರಾ ಎತ್ತಿದ, ಶಾಲಿನವನೊಬ್ಬ ಚಪ್ಪರದ ಮೈಕು ಚಾಚಿದ. ದಲೇಲ ಓಢಣಿಯನ್ನು ಅಗಲಿಸಿ ಅಂಗೂರಿಯ ತಲೆಗೆ ಹೊದಿಸಿ, ತಬ್ಬಿಕೊಂಡು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡ.

“ಅಮ್ಮ ಹೋದ್ಮೇಲೆ ನೀನೇ ನಂಗೆ ಅಮ್ಮ,” ಎಂದ, ಮೈಕಿಗೆ ಸ್ವಲ್ಪ ಬಾಗಿ. “ನಿನ್ನ ಸೊಂಟದ ಮೇಲೆ ಬೆಳೆದವನು ಕಣಕ್ಕಾ ನಾನು.”

ಮುಸುಕಿನೊಳಗಿಂದ ಸಣ್ಣ ದನಿ ಬಂತು. “ಚೌಧರಿ ಸಾಹೇಬ್ರೆ, ನಾನು ಸರಪಂಚ್.”

ಹಾಡು ನಿಂತಿತು. ಯಾವಳೋ ಒಬ್ಬಳು ಕಿಸಕ್ಕೆಂದಳು, ಆಮೇಲೆ ಮುಸುಕುಗಳೆಲ್ಲ ಅಲ್ಲಾಡತೊಡಗಿದವು. ಮದುವೆಗೆ ಬಂದ ಗಂಡಸರು ಪೇಟ ಸರಿಮಾಡಿಕೊಳ್ಳುವ ನೆಪದಲ್ಲಿ ತಲೆ ತಗ್ಗಿಸಿದರು. ಬೇರೆಯವನಾಗಿದ್ದರೆ ಮಣೆ ಸಮೇತ ನೆಲ ಬಗೆದು ಒಳಗಿಳಿಯುತ್ತಿದ್ದ. ದಲೇಲನಿಗೆ ನಾಚಿಕೆ ಎಂಬುದು ಹೊಲಕ್ಕಿಂತ ಮೊದಲೇ ಮಾರಾಟವಾಗಿತ್ತು. ಅವನು ಎರಡೂ ಕೈ ಎತ್ತಿ, ತಾನು ಗೊತ್ತಿದ್ದೇ ಹಾಗೆ ಮಾಡಿದ್ದೆಂದೂ, ಈ ಕ್ಷೇತ್ರದ ಹೆಂಗಸರೆಲ್ಲ ತನ್ನ ಅಕ್ಕತಂಗಿಯರೆಂದೂ, ಇನ್ನು ಮುಂದೆ ಯಾವ ಬಡವಿಯ ಮನೆಯ ಮದುವೆಯೂ ಭಾತ್ ಇಲ್ಲದೆ ನಡೆಯಕೂಡದೆಂದೂ ಭಾಷಣ ತೆಗೆದ. ಶಾಲಿನವರು ಚಪ್ಪಾಳೆ ಹೊಡೆದರು. ನರೂಲಾ ಜೀಪಿಗೆ ಓಡಿ ಇನ್ನೊಂದು ಬಟ್ಟೆ ತಂದ. ಓಢಣಿ ಒಂದೇ ತಂದಿದ್ದರಿಂದ ಅದು ಪಕ್ಷದ ಶಾಲು.

ಆಗ ಭತೇರಿ ಮುಸುಕೆತ್ತಿದಳು. ಹಿರಿಯ ಭಾವನ ಎದುರು, ಊರ ಗಂಡಸರ ಎದುರು, ಪೂರ್ತಿ ಎತ್ತಿ ತಲೆಯ ಮೇಲೆ ಹಾಕಿಕೊಂಡಳು. ಆ ಊರಿನಲ್ಲಿ ಅವಳ ಮುಖವನ್ನು ಹಲವರು ನೋಡಿದ್ದೇ ಅಂದು. ಉದ್ಮೀರಾಮನ ಹುಕ್ಕಾದ ಗುಡುಗುಡು ನಿಂತಿತು.

“ನೋಡ್ಕೋ ದಲೇಲ, ಇದು ನನ್ನ ಮುಖ,” ಎಂದಳು. “ಶಾಲು ಅಲ್ಲೇ ಇಟ್ಕೋ. ನಂಗೂ ಓಟಿನ ಚೀಟಿ ಇದೆ, ಆದ್ರೆ ಆ ಓಟಿಗೋಸ್ಕರ ನನ್ನ ತಲೆಗೆ ಶಾಲು ಹೊದಿಸೋದು ಬೇಡ.”

“ಅಕ್ಕ, ಜನ ನೋಡ್ತಿದಾರೆ. ಗಡಿಬಿಡೀಲಿ ಆಯ್ತು, ಬಿಡು.”

“ಹೊಲ ಬರ್ಕೊಟ್ಟಿದ್ಯಾಕೆ ನಾನು? ನೀನು ದೊಡ್ಡ ಮನುಷ್ಯ ಆಗ್ಲಿ ಅಂತಲ್ಲ. ಒಂದು ದಿನ ನನ್ನ ಬಾಗಿಲಲ್ಲಿ ನಿಂತು ಇವಳು ನಮ್ಮಕ್ಕ ಅಂತ ಗುರುತು ಹಿಡೀಲಿ ಅಂತ. ನಮ್ಮಲ್ಲಿ ತಮ್ಮ ಇದ್ರೆ ಹೊಲ ಬೇಡ. ಇವತ್ತು ತಮ್ಮ ಇಲ್ಲ ಅಂತ ಗೊತ್ತಾಯ್ತು. ನನ್ನ ಹೊಲ ವಾಪಸ್ ಕೊಡು.”

ಅಕ್ಕನಾದವಳು ತಮ್ಮನಿಗೆ ಆಡಬಹುದಾದ ಅತಿ ಕೆಟ್ಟ ಮಾತು ಅದು. ಇದಾದ ಮೇಲೆ ಆಡುವುದಕ್ಕೆ ಏನೂ ಉಳಿಯುವುದಿಲ್ಲ, ಸೂತಕದಲ್ಲೂ ಒಬ್ಬರ ಮನೆಗೊಬ್ಬರು ಹೋಗುವುದಿಲ್ಲ. ಹೆಂಗಸರ ನಗು ಅಡಗಿತು. ರಿಸಾಲ್ ಸಿಂಗ್ ಬೇಡ ಎನ್ನುವಂತೆ ಒಂದು ಹೆಜ್ಜೆ ಮುಂದಿಟ್ಟು, ಹೆಂಡತಿಯ ಮುಖ ನೋಡಿ ಅಲ್ಲೇ ನಿಂತ. ದಲೇಲ ಬಗ್ಗಿ ಮೆಲ್ಲಗೆ, “ಎಲ್ಲಿದೆ ಅಕ್ಕ ಹೊಲ, ಅಲ್ಲಿ ಮನೆ ಕಟ್ಕೊಂಡು ಕೂತಿದಾರೆ ಜನ,” ಎಂದ. ಮೈಕು ಇನ್ನೂ ಅವನ ಗಲ್ಲದ ಕೆಳಗೇ ಇತ್ತು. ಮಣ್ಣಿನ ಮಗನ ಮಣ್ಣು ಎಲ್ಲಿದೆ ಎಂಬುದು ಚಪ್ಪರದ ನಾಲ್ಕೂ ಮೂಲೆಯ ಸ್ಪೀಕರಿನಲ್ಲಿ ಕೇಳಿಸಿತು.

ಭತೇರಿ ತಿರುಗಿ ಒಳಗೆ ಹೋದಳು. ತಿಲಕ ಇಡಲಿಲ್ಲ, ಕೈಹಿಡಿದು ಇಳಿಸಲೂ ಇಲ್ಲ. ಮಂತ್ರಿ ಮಣೆಯ ಮೇಲೆ ನಿಂತೇ ಇದ್ದ. ಅಕ್ಕ ಇಳಿಸದೆ ಇಳಿಯುವುದು ಅಪಶಕುನ ಎಂಬುದು ಅವನಿಗೂ ಗೊತ್ತಿತ್ತು. ಚುನಾವಣೆ ಹತ್ತಿರವಿರುವಾಗ ಶಕುನಕ್ಕೆ ಎಲ್ಲರೂ ಹೆದರುತ್ತಾರೆ.

ಉದ್ಮೀರಾಮ್ ಮಂಚದಿಂದ ಎದ್ದ. ಗದರುತ್ತಾನೆ, ಸೊಸೆಯಾದವಳು ಮಾನ ಕಳೆದಳು ಎನ್ನುತ್ತಾನೆ ಎಂದು ಎಲ್ಲರೂ ಕಾದರು. ಮುದುಕ ಕೋಲೂರಿಕೊಂಡು ಬಂದು ದಲೇಲನನ್ನು ಮೇಲಿಂದ ಕೆಳಗೆ ನೋಡಿದ.

“ನಾಯಕರಿಗೆ ಎಲೆ ಹಾಕ್ರಪ್ಪ,” ಎಂದ. “ಡ್ರೈವರುಗಳ ಪಂಕ್ತೀಲೇ ಕೂರಿಸಿ. ಓಟು ಕೇಳೋಕೆ ಬಂದವ್ರು ನಮ್ಮೂರಿಂದ ಹಸ್ಕೊಂಡು ಹೋಗಬಾರದು.”

ಭಾತ್ ತಂದವರನ್ನು ಬೇರೆಯಾಗಿ, ಬೆಳ್ಳಿ ಬಟ್ಟಲಿನಲ್ಲಿ ತುಪ್ಪ ಬಡಿಸಿ ಕೂರಿಸುತ್ತಾರೆ. ಡ್ರೈವರುಗಳ ಪಂಕ್ತಿಯಲ್ಲಿ ಕೂರಿಸುವುದಕ್ಕಿಂತ ಕಪಾಳಕ್ಕೆ ಹೊಡೆಯುವುದು ಮೇಲು. ದಲೇಲ ಒಂದು ಕ್ಷಣ ನರೂಲಾನ ಮುಖ ನೋಡಿದ, ತಾನೇ ಮಣೆಯಿಂದ ಇಳಿದ, ಹೋಗಿ ಡ್ರೈವರುಗಳ ನಡುವೆ ಚಕ್ಕಳಮಕ್ಕಳ ಹಾಕಿ ಕೂತ. ಚಾನೆಲ್‌ನವನನ್ನು ಕರೆದು, ನೋಡು, ಮಂತ್ರಿಯಾದರೂ ನೆಲದ ಮೇಲೇ ಕೂತು ಉಣ್ಣುವವನು ನಾನು, ಇದನ್ನು ತೆಗೆದುಕೋ ಎಂದ. ಪೂರಿ, ಕುಂಬಳಕಾಯಿ ಪಲ್ಯ, ಆಮೇಲೆ ಲಡ್ಡು.

ತಂದ ಸೂಟ್‌ಕೇಸುಗಳನ್ನು ನರೂಲಾ ಹೊಸ್ತಿಲಲ್ಲಿ ಇಳಿಸಲು ಬಂದಾಗ ಭತೇರಿ ಒಳಗಿನಿಂದಲೇ ಹೇಳಿ ಕಳಿಸಿದಳು, ಓಢಣಿ ಯಾರ ತಲೆ ಮೇಲಿದೆಯೋ ಸಾಮಾನೂ ಅವರ ಮನೆಗೇ ಎಂದು. ಅಂಗೂರಿ ಬೇಡ ಎನ್ನಲಿಲ್ಲ. ಅವಳ ಗಂಡ ಅಷ್ಟರಲ್ಲಿ ಟ್ರಾಲಿ ತರಿಸಿದ್ದ.

ಅಡಿಗೆಮನೆಯ ಕಿಟಕಿಯಿಂದ ಪಂಕ್ತಿ ಕಾಣುತ್ತಿತ್ತು. ಭತೇರಿ ನೋಡಿದಳು. ಅಕ್ಕತಂಗಿಯರ ಕೈಯಲ್ಲಿರುವ ಅತಿ ದೊಡ್ಡ ಕಲ್ಲನ್ನೇ ಅವಳು ಎತ್ತಿ ಹಾಕಿದ್ದಳು. ಅವನು ಗುಳುಗುಳು ಎಂದು ನುಂಗುತ್ತಿದ್ದ, ಪಕ್ಕದ ಡ್ರೈವರಿಗೆ ಬೋರ್‌ವೆಲ್ ಸಬ್ಸಿಡಿಯ ವಿಷಯ ಹೇಳುತ್ತಿದ್ದ, ಎರಡನೇ ಲಡ್ಡುವಿಗೆ ಕೈ ಚಾಚಿದ. ಅವನಿಗೆ ಪೆಟ್ಟೇ ಆಗಿರಲಿಲ್ಲ. ಅವನು ತನ್ನನ್ನು ಗುರುತು ಹಿಡಿಯದಿದ್ದಾಗ ಬರದ ಅಳು ಆ ಎರಡನೇ ಲಡ್ಡು ನೋಡಿದಾಗ ಬಂತು. ಹಿಟ್ಟಿನ ಡಬ್ಬದ ಮೇಲೆ ಕೂತು ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು.

ಮದುಮಗಳ ಕೋಣೆಯಿಂದ ಸುದೇಶ್ ಕರೆದಳು. ಒಳಗೆ ಹೊರಗಿನ ಮಾತು ಕೇಳಿಸಿರಲಿಲ್ಲ, ಅಲ್ಲಿ ಗೆಳತಿಯರು ಡೋಲಕ್ ಬಾರಿಸುತ್ತಿದ್ದರು. ಭತೇರಿ ಮುಖ ತೊಳೆದುಕೊಂಡು ಹೋದಳು.

“ಅಮ್ಮ, ಮಾಮ ಬಂದ್ರಾ? ಜೀಪಿನ ಸದ್ದು ಆಯ್ತಲ್ಲ.”

“ಮೀನುಗಾರಿಕೆ ಮಂತ್ರಿ ಬಂದಿದಾರೆ. ಊಟ ಮಾಡ್ತಿದಾರೆ.”

“ಮಾಮ?”

ಭತೇರಿ ಮಗಳ ಹಣೆಯ ಬೊಟ್ಟು ಸರಿಮಾಡಿದಳು.

“ನಿಮ್ಮಜ್ಜಿಗೆ ಉಳಿದಿದ್ದು ನಾನೊಬ್ಳೇ ಕಣೇ,” ಎಂದಳು. “ಏಳು, ಬೀಗರು ಬರೋ ಹೊತ್ತಾಯ್ತು.”